ದೀಕ್ಷೆ ಮೊದಲು, ಅನುಭವ ಆಮೇಲೆ: ಕ್ರೈಸ್ತರ ‘ರಕ್ಷಣೆ’ ಎಂದರೇನು?

‘ಯೇಸು ರಕ್ಷಕ’ ಎಂಬ ಬರಹವನ್ನು ಆಟೋರಿಕ್ಷಾದ ಹಿಂಬದಿಯಲ್ಲೋ ಮನೆಯ ಬಾಗಿಲ ಮೇಲೋ ಓದದ ನಗರವಾಸಿಗಳು ವಿರಳ. ‘ನೀವು ರಕ್ಷಣೆ ಹೊಂದಿದ್ದೀರಾ?’ ಎಂದು ಕೇಳುವ ಕರಪತ್ರಗಳೂ ಆಗಾಗ ಕೈಸೇರುತ್ತವೆ. ಪದ ಪರಿಚಿತ, ಅದರ ಅರ್ಥ ಮಾತ್ರ ಅನೇಕರಿಗೆ ಅಪರಿಚಿತ. ರಕ್ಷಣೆ ಯಾವುದರಿಂದ? ಅದು ಒಂದೇ ದಿನದಲ್ಲಿ ಸಂಭವಿಸುವ ಘಟನೆಯೋ, ಬದುಕಿನ ಉದ್ದಕ್ಕೂ ಸಾಗುವ ಕ್ರಿಯೆಯೋ? ದೀಕ್ಷಾಸ್ನಾನ ಪಡೆದವರೆಲ್ಲರೂ ರಕ್ಷಣೆ ಹೊಂದಿದವರೇ?

ಈ ಪ್ರಶ್ನೆಗಳಿಗೆ ಕ್ರೈಸ್ತರೆಲ್ಲರೂ ಒಂದೇ ಉತ್ತರ ಕೊಡುವುದಿಲ್ಲ. ಎರಡು ಸಾವಿರ ವರ್ಷಗಳ ಇತಿಹಾಸದಲ್ಲಿ ಈ ವಿಷಯವಾಗಿ ವಾಗ್ವಾದಗಳು ನಡೆದಿವೆ, ಸಭೆಗಳು ಒಡೆದಿವೆ, ಮತ್ತೆ ಮಾತುಕತೆಗೆ ಕುಳಿತಿವೆ. ಈ ಭಿನ್ನಾಭಿಪ್ರಾಯದ ತಿರುಳನ್ನು ಗ್ರಹಿಸಲು ನೆರವಾಗುವ ಬದುಕೊಂದು ಕರ್ನಾಟಕದ ಮಣ್ಣಿನಲ್ಲೇ ಆರಂಭವಾಯಿತು ಎಂಬುದು ಗಮನಾರ್ಹ. ಅದು ಪಂಡಿತಾ ರಮಾಬಾಯಿ ಅವರ ಬದುಕು. ಅವರು ದೀಕ್ಷಾಸ್ನಾನ ಪಡೆದದ್ದು 1883ರಲ್ಲಿ. ಆದರೆ ತಾವು ನಿಜಕ್ಕೂ ಕ್ರಿಸ್ತನನ್ನು ಕಂಡುಕೊಂಡದ್ದು ಅದಾದ ಸುಮಾರು ಎಂಟು ವರ್ಷಗಳ ಬಳಿಕ ಎಂದು ಅವರೇ ಬರೆದುಕೊಂಡಿದ್ದಾರೆ. ಈ ಎಂಟು ವರ್ಷಗಳ ಅಂತರದಲ್ಲಿ ಕ್ರೈಸ್ತ ಧರ್ಮದ ಒಂದು ಮೂಲಭೂತ ಪ್ರಶ್ನೆ ಅಡಗಿದೆ.

ರಕ್ಷಣೆ ಯಾವುದರಿಂದ?

ಹೊಸ ಒಡಂಬಡಿಕೆಯನ್ನು ಬರೆದದ್ದು ಗ್ರೀಕ್ ಭಾಷೆಯಲ್ಲಿ. ಅಲ್ಲಿ ‘ರಕ್ಷಿಸು’ ಎಂಬುದಕ್ಕೆ ಬಳಕೆಯಾಗಿರುವ ಕ್ರಿಯಾಪದ ರೋಗಿ ಗುಣಮುಖನಾದಾಗಲೂ ಬರುತ್ತದೆ, ಮುಳುಗುತ್ತಿರುವವನನ್ನು ಮೇಲೆತ್ತಿದಾಗಲೂ ಬರುತ್ತದೆ. ‘ಯೇಸು’ ಎಂಬ ಹೆಸರಿನ ಹೀಬ್ರೂ ಮೂಲವೂ ‘ರಕ್ಷಿಸು’ ಎಂಬ ಅರ್ಥದ ಧಾತುವಿನಿಂದ ಬಂದುದು. ಹೀಗಾಗಿ ಈ ಪದಕ್ಕೆ ಅಪಾಯದಿಂದ ಪಾರಾಗುವುದು, ವಾಸಿಯಾಗುವುದು, ಬಿಡುಗಡೆ ಹೊಂದುವುದು ಎಂಬ ಅರ್ಥಗಳೆಲ್ಲವೂ ಇವೆ.

ಅಪಾಯ ಯಾವುದು ಎಂದರೆ ಪಾಪ ಎಂಬುದು ಕ್ರೈಸ್ತ ಧರ್ಮದ ಉತ್ತರ. ಇಲ್ಲಿ ಪಾಪವೆಂದರೆ ಕಳವು, ಸುಳ್ಳು, ಹಿಂಸೆ ಮುಂತಾದ ತಪ್ಪುಗಳ ಪಟ್ಟಿಯಷ್ಟೇ ಅಲ್ಲ. ಆ ತಪ್ಪುಗಳ ಹಿಂದಿರುವ, ದೇವರಿಂದ ವಿಮುಖವಾದ ಮನಸ್ಥಿತಿಯೇ ಪಾಪ. ಒಳಿತು ಯಾವುದೆಂದು ಬಲ್ಲ ಮನುಷ್ಯನೂ ಅದನ್ನು ಆಚರಿಸಲಾರದೆ ಸೋಲುತ್ತಾನೆ ಎಂಬ ಸಂಕಟವನ್ನು ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ತೋಡಿಕೊಂಡಿದ್ದಾನೆ. ಮನುಷ್ಯ ತನ್ನ ಬಲದಿಂದಲೇ ಈ ಸ್ಥಿತಿಯಿಂದ ಮೇಲೇಳಲಾರ. ಆದ್ದರಿಂದ ದೇವರೇ ಯೇಸುಕ್ರಿಸ್ತನಲ್ಲಿ ಮನುಷ್ಯನಾಗಿ ಬಂದು, ಶಿಲುಬೆಯ ಮರಣ ಮತ್ತು ಪುನರುತ್ಥಾನದ ಮೂಲಕ ಆ ಬಿಡುಗಡೆಯನ್ನು ಸಾಧಿಸಿಕೊಟ್ಟ ಎಂಬುದು ಕ್ರೈಸ್ತ ವಿಶ್ವಾಸದ ಸಾರ.

ಅರ್ಹತೆ ನೋಡದೆ ಬರುವ ಈ ಕೊಡುಗೆಗೆ ಕೃಪೆ ಎಂದು ಹೆಸರು. ಕೊಡುಗೆಯನ್ನು ಭರವಸೆಯಿಂದ ಸ್ವೀಕರಿಸುವುದೇ ನಂಬಿಕೆ. ಹಿಂದಿನ ದಾರಿಯನ್ನು ಬಿಟ್ಟು ದೇವರ ಕಡೆಗೆ ತಿರುಗುವುದಕ್ಕೆ ಕನ್ನಡ ಕ್ರೈಸ್ತ ಸಾಹಿತ್ಯದಲ್ಲಿ ‘ಮಾನಸಾಂತರ’ ಎಂಬ ಅರ್ಥಪೂರ್ಣ ಪದವಿದೆ. ‘ಮತಾಂತರ’ ಎಂಬ ಪದದೊಂದಿಗೆ ಇದನ್ನು ಗೊಂದಲ ಮಾಡಿಕೊಳ್ಳಬಾರದು. ಮತಾಂತರವನ್ನು ಸರ್ಕಾರಿ ಕಡತದಲ್ಲಿ ದಾಖಲಿಸಬಹುದು, ಮಾನಸಾಂತರವನ್ನು ದಾಖಲಿಸಲಾಗದು.

ಮೋಕ್ಷದ ಕಲ್ಪನೆಗೂ ರಕ್ಷಣೆಯ ಕಲ್ಪನೆಗೂ ಹೋಲಿಕೆಯಿದ್ದಂತೆ ಕಂಡರೂ ಎರಡೂ ಒಂದೇ ಅಲ್ಲ. ಭಾರತೀಯ ದರ್ಶನಗಳು ಸಾಮಾನ್ಯವಾಗಿ ಮೋಕ್ಷವನ್ನು ಜನನ-ಮರಣಗಳ ಚಕ್ರದಿಂದ ಬಿಡುಗಡೆ ಎಂದು ಕಾಣುತ್ತವೆ. ಕ್ರೈಸ್ತ ದೃಷ್ಟಿಯಲ್ಲಿ ಜನ್ಮ ಒಂದೇ. ಮುರಿದುಹೋದ ಸಂಬಂಧ ಸರಿಹೋಗುವುದೇ ಇಲ್ಲಿ ರಕ್ಷಣೆ. ಅದು ಈ ಬದುಕಿನಲ್ಲೇ ಆರಂಭವಾಗಿ ಮರಣಾನಂತರ ಪೂರ್ಣಗೊಳ್ಳುತ್ತದೆ. ಭಗವಂತನ ಅನುಗ್ರಹಕ್ಕೆ ಪ್ರಾಧಾನ್ಯ ಕೊಡುವ ಭಕ್ತಿಪರಂಪರೆಗಳನ್ನು ಬಲ್ಲ ಕನ್ನಡಿಗರಿಗೆ ಕೃಪೆಯ ಪರಿಕಲ್ಪನೆ ತೀರಾ ಹೊಸದೇನೂ ಅನಿಸಲಾರದು.

ಗಂಗಾಮೂಲದಿಂದ ವಾಂಟೇಜ್‌ವರೆಗೆ

ರಮಾಬಾಯಿ 1858ರಲ್ಲಿ ಹುಟ್ಟಿದ್ದು ತುಂಗಾ, ಭದ್ರಾ, ನೇತ್ರಾವತಿ ನದಿಗಳು ಉಗಮಿಸುವ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸಮೀಪದ ಮಾಳದ ಚಿತ್ಪಾವನ ಬ್ರಾಹ್ಮಣ ವಿದ್ವಾಂಸರು. ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಸ್ವಸಮಾಜದ ವಿರೋಧ ಕಟ್ಟಿಕೊಂಡವರು. ಮಗು ಆರು ತಿಂಗಳದ್ದಿರುವಾಗಲೇ ಕುಟುಂಬ ಕಾಡಿನ ಆಶ್ರಮ ತೊರೆದು ಪುರಾಣಪ್ರವಚನ ಮಾಡುತ್ತಾ ತೀರ್ಥಯಾತ್ರೆಯಲ್ಲೇ ಬದುಕತೊಡಗಿತು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ವ್ರತ, ದಾನ, ಯಾತ್ರೆಗಳೆಲ್ಲವನ್ನೂ ಶ್ರದ್ಧೆಯಿಂದ ನಡೆಸಿದ ಕುಟುಂಬಕ್ಕೆ ಹಸಿವಿನ ಸಾವು ಬಂದದ್ದು ತಮ್ಮ ನಂಬಿಕೆಯನ್ನು ಅಲುಗಾಡಿಸಿತು ಎಂದು ರಮಾಬಾಯಿ ನಂತರ ಬರೆದರು.

1878ರಲ್ಲಿ ಸಹೋದರನೊಂದಿಗೆ ಕಲ್ಕತ್ತಾ ತಲುಪಿದ ಆಕೆಯ ಸಂಸ್ಕೃತ ಪಾಂಡಿತ್ಯಕ್ಕೆ ‘ಪಂಡಿತಾ’, ‘ಸರಸ್ವತಿ’ ಬಿರುದುಗಳು ಸಂದವು. ಅದೇ ನಗರದಲ್ಲಿ ಅವರು ಮೊದಲ ಬಾರಿಗೆ ಕ್ರೈಸ್ತರ ಪ್ರಾರ್ಥನೆಯನ್ನು ಕಂಡರು. ಕುರ್ಚಿಗಳ ಮುಂದೆ ಮೊಣಕಾಲೂರಿದ ಜನರನ್ನು ನೋಡಿ, ಇವರು ಕುರ್ಚಿಗಳನ್ನೇ ಪೂಜಿಸುತ್ತಿದ್ದಾರೆಂದು ಅಣ್ಣ-ತಂಗಿ ಭಾವಿಸಿದರಂತೆ! ಅಲ್ಲಿ ಅವರಿಗೆ ಸಂಸ್ಕೃತದ ಬೈಬಲ್ ದೊರೆಯಿತು. ಅದರ ಭಾಷೆ ಮತ್ತು ಬೋಧನೆ ಅಪರಿಚಿತವಾಗಿದ್ದರಿಂದ ಆಗ ಅದು ಮನಸ್ಸನ್ನು ಸೆಳೆಯಲಿಲ್ಲ.

1880ರಲ್ಲಿ ಅವರು ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿ ಅವರನ್ನು ಜಾತಿ ಮೀರಿ ವಿವಾಹವಾದರು. ಅಸ್ಸಾಮಿನ ಸಿಲ್ಚಾರ್‌ನ ಮನೆಯಲ್ಲಿ ಬಂಗಾಳಿ ಭಾಷೆಯ ಲೂಕನ ಸುವಾರ್ತೆ ಕೈಗೆ ಸಿಕ್ಕಿತು. ಎರಡೇ ವರ್ಷಗಳಲ್ಲಿ ಪತಿಯನ್ನು ಕಾಲರಾ ಬಲಿ ತೆಗೆದುಕೊಂಡಿತು. ಮಗಳು ಮನೋರಮೆಯೊಂದಿಗೆ ಪುಣೆಗೆ ಬಂದ ರಮಾಬಾಯಿ 1882ರಲ್ಲಿ ಆರ್ಯ ಮಹಿಳಾ ಸಮಾಜ ಸ್ಥಾಪಿಸಿದರು. ಮರುವರ್ಷ ವೈದ್ಯಕೀಯ ಶಿಕ್ಷಣದ ಆಸೆಯಿಂದ ಇಂಗ್ಲೆಂಡಿಗೆ ತೆರಳಿ ವಾಂಟೇಜ್ ಎಂಬ ಊರಿನಲ್ಲಿ ಆಂಗ್ಲಿಕನ್ ಸನ್ಯಾಸಿನಿಯರ ಆಶ್ರಯದಲ್ಲಿ ಉಳಿದರು.

ಅವರ ಮನಸ್ಸನ್ನು ತಿರುಗಿಸಿದ್ದು ಧರ್ಮಶಾಸ್ತ್ರದ ಗ್ರಂಥವಲ್ಲ. ಲಂಡನ್ನಿನ ಫುಲ್ಹ್ಯಾಮ್‌ನಲ್ಲಿ ಆ ಸನ್ಯಾಸಿನಿಯರು ‘ದಾರಿತಪ್ಪಿದವರು’ ಎಂದು ಸಮಾಜ ಹೊರಹಾಕಿದ ಹೆಂಗಸರಿಗಾಗಿ ನಡೆಸುತ್ತಿದ್ದ ಆಶ್ರಯಧಾಮಕ್ಕೆ ರಮಾಬಾಯಿ ಭೇಟಿ ಕೊಟ್ಟರು. ಇಂಥವರನ್ನು ಇಷ್ಟು ಪ್ರೀತಿಯಿಂದ ನೋಡಿಕೊಳ್ಳುವುದೇಕೆ ಎಂದು ಕೇಳಿದಾಗ, ಸನ್ಯಾಸಿನಿಯೊಬ್ಬರು ಯೋಹಾನನ ಸುವಾರ್ತೆಯಲ್ಲಿ ಬರುವ, ಬಾವಿಕಟ್ಟೆಯ ಬಳಿ ಯೇಸು ಸಮಾರ್ಯದ ಹೆಣ್ಣಿನೊಂದಿಗೆ ಮಾತನಾಡಿದ ಪ್ರಸಂಗವನ್ನು ಓದಿ ಹೇಳಿದರು. ಕಾಶಿಯಲ್ಲಿ ಓದಿ ಬೆಳೆದು ಕ್ರೈಸ್ತರಾಗಿದ್ದ ವಿದ್ವಾಂಸ ನೆಹೆಮಿಯಾ ಗೋರೆ ಅವರ ಪತ್ರಗಳು ತಾತ್ತ್ವಿಕ ಸಂದೇಹಗಳಿಗೆ ಉತ್ತರ ಕೊಟ್ಟವು. 1883ರ ಸೆಪ್ಟೆಂಬರ್ 29ರಂದು ತಾಯಿ-ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು.

ನೀರಿನ ದೀಕ್ಷೆ

ದೀಕ್ಷಾಸ್ನಾನಕ್ಕೆ ಜ್ಞಾನಸ್ನಾನ ಎಂಬ ಹೆಸರೂ ಇದೆ. ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ವ್ಯಕ್ತಿಯ ತಲೆಯ ಮೇಲೆ ನೀರು ಸುರಿಯುವುದು ಅಥವಾ ನೀರಿನಲ್ಲಿ ಪೂರ್ತಿ ಮುಳುಗಿಸಿ ಎಬ್ಬಿಸುವುದು ಇದರ ವಿಧಿ. ಮುಳುಗುವುದು ಹಳೆಯ ಬದುಕಿನ ಮರಣಕ್ಕೆ, ಮೇಲೇಳುವುದು ಕ್ರಿಸ್ತನೊಂದಿಗಿನ ಹೊಸ ಬದುಕಿಗೆ ಸಂಕೇತ ಎಂದು ಪೌಲ ವಿವರಿಸಿದ್ದಾನೆ.

ಆದಿಸಭೆಯಲ್ಲಿ ಇದು ಆತುರದ ಕೆಲಸವಾಗಿರಲಿಲ್ಲ. ರೋಮಿನ ಹಿಪ್ಪೊಲಿಟಸ್‌ನ ಹೆಸರಿನಲ್ಲಿ ಪ್ರಚಲಿತವಾಗಿರುವ ‘ಅಪೊಸ್ತಲಿಕ ಪರಂಪರೆ’ ಎಂಬ ಪ್ರಾಚೀನ ಗ್ರಂಥ ದೀಕ್ಷಾರ್ಥಿಗೆ ಮೂರು ವರ್ಷಗಳ ಸಿದ್ಧತೆಯನ್ನು ವಿಧಿಸುತ್ತದೆ. ಮನುಷ್ಯರ ಕಾದಾಟವನ್ನೇ ಮನರಂಜನೆಯಾಗಿ ತೋರುವ ಮಲ್ಲರಂಥವರು ಆ ವೃತ್ತಿಯನ್ನೇ ಬಿಡಬೇಕಾಗಿತ್ತು. ದೀಕ್ಷೆಯ ಮುನ್ನ ಸಭೆ ಕೇಳುತ್ತಿದ್ದ ಪ್ರಶ್ನೆಗಳು ಕುತೂಹಲಕರವಾಗಿವೆ: ಈತ ವಿಧವೆಯರನ್ನು ಗೌರವಿಸಿದ್ದಾನೆಯೇ? ರೋಗಿಗಳನ್ನು ಭೇಟಿಯಾಗಿದ್ದಾನೆಯೇ? ಒಳ್ಳೆಯ ಕೆಲಸಗಳನ್ನು ಮಾಡಿದ್ದಾನೆಯೇ? ವಿಶ್ವಾಸಸೂತ್ರ ಬಾಯಿಪಾಠವಾದರೆ ಸಾಲದು, ನಡೆಯಲ್ಲಿ ಅದರ ಗುರುತು ಕಾಣಬೇಕು ಎಂಬ ನಿಲುವು ಇದರಲ್ಲಿ ಸ್ಪಷ್ಟ.

ಕಥೋಲಿಕ ಧರ್ಮಸಭೆ ಈ ಪ್ರಾಚೀನ ಕ್ರಮವನ್ನು ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಪುನರುಜ್ಜೀವನಗೊಳಿಸಿತು. ವಯಸ್ಕರ ಪ್ರವೇಶಕ್ಕಾಗಿ 1972ರಲ್ಲಿ ಪ್ರಕಟವಾದ ವಿಧಿಯಂತೆ ಆಸಕ್ತನು ಮೊದಲು ವಿಚಾರಣೆಯ ಹಂತದಲ್ಲಿರುತ್ತಾನೆ. ನಂತರ ದೀಕ್ಷಾರ್ಥಿಯಾಗಿ ಬೋಧನೆ ಪಡೆಯುತ್ತಾನೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಆತ್ಮಶೋಧನೆಗೆ ತೊಡಗುತ್ತಾನೆ. ಈಸ್ಟರ್ ಹಿಂದಿನ ರಾತ್ರಿಯ ಜಾಗರಣೆಯಲ್ಲಿ ಜ್ಞಾನಸ್ನಾನ, ದೃಢೀಕರಣ, ಪರಮಪ್ರಸಾದ ಎಂಬ ಮೂರು ಸಂಸ್ಕಾರಗಳನ್ನು ಒಟ್ಟಿಗೆ ಪಡೆಯುತ್ತಾನೆ. ಕಥೋಲಿಕರ ಪ್ರಕಾರ ಜ್ಞಾನಸ್ನಾನ ಬರಿಯ ಸಂಕೇತವಲ್ಲ. ಅದರ ಮೂಲಕವೇ ದೇವರು ಪಾಪಕ್ಷಮೆಯನ್ನೂ ಹೊಸ ಜೀವವನ್ನೂ ದಯಪಾಲಿಸುತ್ತಾನೆ. ಕ್ರೈಸ್ತ ಮನೆತನದಲ್ಲಿ ಹುಟ್ಟಿದ ಶಿಶುಗಳಿಗೂ ಇದನ್ನು ನೀಡುವುದು ಈ ಕಾರಣಕ್ಕೆ. ಕೃಪೆ ದೇವರ ಕೊಡುಗೆಯಾದ ಮೇಲೆ, ಅದನ್ನು ಪಡೆಯಲು ಬುದ್ಧಿ ಬಲಿಯುವವರೆಗೆ ಕಾಯಬೇಕಾಗಿಲ್ಲ ಎಂಬುದು ಅವರ ವಾದ.

ಆರ್ಥೊಡಾಕ್ಸ್ ಸಭೆಗಳೂ ಶಿಶುಗಳಿಗೆ ದೀಕ್ಷೆ ಕೊಡುತ್ತವೆ. ಲೂಥರನ್, ಆಂಗ್ಲಿಕನ್, ಮೆಥಡಿಸ್ಟ್ ಪರಂಪರೆಗಳಲ್ಲೂ, ಅವುಗಳ ಹಿನ್ನೆಲೆಯುಳ್ಳ ದಕ್ಷಿಣ ಭಾರತ ಸಭೆಯಲ್ಲೂ (ಸಿಎಸ್‌ಐ) ಈ ಪದ್ಧತಿಯಿದೆ. ಬಾಲ್ಯದಲ್ಲಿ ಹೆತ್ತವರು ಕೊಟ್ಟ ಮಾತನ್ನು ಮಗು ಬೆಳೆದ ಮೇಲೆ ಸ್ವಂತ ಬಾಯಿಂದ ಒಪ್ಪಿಕೊಳ್ಳುವ ದೃಢೀಕರಣ ವಿಧಿ ಅದಕ್ಕೆ ಪೂರಕ.

ಬ್ಯಾಪ್ಟಿಸ್ಟ್, ಬ್ರದರನ್, ಪೆಂಟೆಕೋಸ್ಟಲ್ ಸಭೆಗಳ ನಿಲುವೇ ಬೇರೆ. ಮೊದಲು ನಂಬಿಕೆ, ನಂತರ ದೀಕ್ಷೆ. ನಂಬಿಕೆ ತೋಡಿಕೊಳ್ಳಲಾರದ ಶಿಶುವಿಗೆ ದೀಕ್ಷೆಯಿಲ್ಲ ಎನ್ನುತ್ತವೆ ಅವು. ಈ ವಿವಾದ ಹಿಂದೊಮ್ಮೆ ಪ್ರಾಣಕ್ಕೇ ಎರವಾಗಿತ್ತು. 1525ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಬೆರಳೆಣಿಕೆಯ ಜನ ವಯಸ್ಕರಾಗಿ ಮರುದೀಕ್ಷೆ ಪಡೆದರು. ಅವರ ಅನುಯಾಯಿಗಳನ್ನು ಕಥೋಲಿಕ ಮತ್ತು ಪ್ರೊಟೆಸ್ಟಂಟ್ ಆಡಳಿತಗಳೆರಡೂ ಬೇಟೆಯಾಡಿದವು. ಕೆಲವರನ್ನು ನೀರಿನಲ್ಲೇ ಮುಳುಗಿಸಿ ಕೊಲ್ಲಲಾಯಿತು.

ಎಂಟು ವರ್ಷಗಳ ಬಳಿಕ

ರಮಾಬಾಯಿಯವರಿಗೆ ದೀಕ್ಷೆ ದೊರೆತರೂ ಪ್ರಶ್ನೆಗಳು ಮುಗಿಯಲಿಲ್ಲ. ತ್ರಿತ್ವ, ಕ್ರಿಸ್ತನ ದೈವತ್ವ ಮುಂತಾದ ತತ್ತ್ವಗಳ ಬಗ್ಗೆ ಸನ್ಯಾಸಿನಿಯರೊಂದಿಗೆ ಅವರು ದೀರ್ಘ ಪತ್ರವಾದ ನಡೆಸಿದರು. ಪುರೋಹಿತಶಾಹಿಯ ಒಂದು ನೊಗವನ್ನು ಕಳಚಿ ಬಂದ ತಾವು ಇನ್ನೊಂದು ನೊಗಕ್ಕೆ ಕೊರಳೊಡ್ಡಲಾರೆ ಎಂಬುದು ಅವರ ಧೋರಣೆ. ಸಭೆಯ ಅಧಿಕಾರಕ್ಕಿಂತ ತಮ್ಮ ಅಂತಃಸಾಕ್ಷಿಗೆ ಅವರು ಹೆಚ್ಚಿನ ಬೆಲೆ ಕೊಟ್ಟರು. ಕಲಿಸಿದವರಿಗೆ ಇದು ಹಟಮಾರಿತನವಾಗಿ ಕಂಡಿತು.

1886ರಲ್ಲಿ ಅಮೆರಿಕಕ್ಕೆ ತೆರಳಿದ ಅವರು ಮರುವರ್ಷ ಮೇಲ್ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಗತಿ ಕುರಿತ ಪುಸ್ತಕ ಪ್ರಕಟಿಸಿ, ಧನ ಸಂಗ್ರಹಿಸಿ, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರ ವಿದ್ಯಾಭ್ಯಾಸಕ್ಕಾಗಿ ‘ಶಾರದಾ ಸದನ’ ತೆರೆದರು. ಹೊರನೋಟಕ್ಕೆ ಯಶಸ್ಸಿನ ಕಾಲ ಅದು. ಆದರೆ ಒಳಗೆ ನೆಮ್ಮದಿಯಿರಲಿಲ್ಲ. ಕ್ರೈಸ್ತ ಧರ್ಮ ತಮಗೆ ದೊರಕಿದೆ, ಆದರೆ ಆ ಧರ್ಮದ ಜೀವವಾದ ಕ್ರಿಸ್ತ ದೊರಕಿಲ್ಲ ಎಂಬ ಅರಿವು ಅವರನ್ನು ಕಾಡಿತು.

ಆ ದಿನಗಳಲ್ಲಿ ಅವರು ಓದಿದ ಪುಸ್ತಕಗಳಲ್ಲಿ ವಿಲಿಯಂ ಹ್ಯಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮವೃತ್ತಾಂತವೂ ಒಂದು. ವರ್ಷಗಟ್ಟಲೆ ಪಾದ್ರಿಯಾಗಿದ್ದ ಹ್ಯಾಸ್ಲಮ್‌ಗೆ 1851ರಲ್ಲಿ ತನ್ನ ಪ್ರವಚನ ಪೀಠದಲ್ಲೇ, ತಾನೇ ಉಪದೇಶ ಮಾಡುತ್ತಿರುವಾಗಲೇ, ಮಾನಸಾಂತರವಾಯಿತಂತೆ. ದೀಕ್ಷೆ ಪಡೆದವರೂ, ದೀಕ್ಷೆ ಕೊಡುವವರೂ ಒಳಗಿನ ಬದಲಾವಣೆಯಿಲ್ಲದೆ ಇರಬಹುದು ಎಂಬ ಮಾತು ರಮಾಬಾಯಿಯವರಿಗೆ ನಾಟಿತು. 1891ರ ಸುಮಾರಿಗೆ, ಯಾವುದೇ ಅರ್ಹತೆಯನ್ನು ಮುಂದಿಡದೆ, ಇದ್ದ ಹಾಗೆಯೇ ತಮ್ಮನ್ನು ಕ್ರಿಸ್ತನಿಗೆ ಒಪ್ಪಿಸಿಕೊಂಡೆ ಎಂದು ಅವರು ತಮ್ಮ ಸಾಕ್ಷ್ಯದಲ್ಲಿ ಹೇಳಿದ್ದಾರೆ. ದೇವರು ಮೆಚ್ಚುವಂತೆ ಬದುಕಬೇಕೆಂಬ ಒತ್ತಡ ಕಳಚಿ, ಈಗಾಗಲೇ ಕ್ಷಮಿಸಲ್ಪಟ್ಟಿದ್ದೇನೆಂಬ ಸಮಾಧಾನ ನೆಲೆಗೊಂಡಿತು.

ಸುವಾರ್ತಾವಾದಿ ಕ್ರೈಸ್ತರು ‘ಹೊಸ ಹುಟ್ಟು’ ಎನ್ನುವುದು ಇಂಥ ಅನುಭವವನ್ನು. ಯೇಸು ನಿಕೊದೇಮನೆಂಬ ಧರ್ಮಬೋಧಕನೊಡನೆ ನಡೆಸಿದ ರಾತ್ರಿ ಸಂವಾದದಿಂದ ಈ ಮಾತು ಬಂದಿದೆ. ಆಂಗ್ಲಿಕನ್ ಪಾದ್ರಿ ಜಾನ್ ವೆಸ್ಲಿಗೆ ಇಂಥದೇ ಅನುಭವವಾದದ್ದು 1738ರ ಮೇ 24ರ ಸಂಜೆ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಪ್ರಾರ್ಥನಾಕೂಟದಲ್ಲಿ. ಅಷ್ಟರಲ್ಲಾಗಲೇ ಆತ ಅಮೆರಿಕದ ಜಾರ್ಜಿಯಾಕ್ಕೆ ಧರ್ಮಪ್ರಚಾರಕ್ಕೆ ಹೋಗಿ ಸೋತು ಮರಳಿದ್ದ. ಅಂದಿನಿಂದ ಆರಂಭವಾದ ಚಳವಳಿಯೇ ಮೆಥಡಿಸ್ಟ್ ಪರಂಪರೆಯಾಗಿ ಬೆಳೆಯಿತು.

ಆದರೆ ಎಲ್ಲರಿಗೂ ಇಂಥ ದಿನಾಂಕವಿರುವುದಿಲ್ಲ. ಭಕ್ತಿಯ ಮನೆಯಲ್ಲಿ ಬೆಳೆದು, ಯಾವಾಗ ನಂಬತೊಡಗಿದೆವೆಂದೇ ಹೇಳಲಾಗದ ಕ್ರೈಸ್ತರ ಸಂಖ್ಯೆ ದೊಡ್ಡದು. ಆರ್ಥೊಡಾಕ್ಸ್ ಚಿಂತನೆಯಂತೂ ರಕ್ಷಣೆಯನ್ನು ದೇವರ ಜೀವದಲ್ಲಿ ಮನುಷ್ಯ ಕ್ರಮೇಣ ಪಾಲುಗೊಳ್ಳುವ, ಜೀವಮಾನವಿಡೀ ಸಾಗುವ ಪರಿವರ್ತನೆ ಎಂದೇ ಕಾಣುತ್ತದೆ. ಅನುಭವದ ತೀವ್ರತೆಯನ್ನೇ ಅಳತೆಗೋಲಾಗಿಸಿದರೆ ಶಾಂತಸ್ವಭಾವದ ನಂಬಿಗಸ್ತರು ವೃಥಾ ಸಂಶಯಕ್ಕೆ ಬೀಳುತ್ತಾರೆ ಎಂಬ ಎಚ್ಚರಿಕೆಯನ್ನು ಅನೇಕ ಬೋಧಕರು ಕೊಟ್ಟಿದ್ದಾರೆ.

ನಂಬಿಕೆಯೋ, ಸತ್ಕ್ರಿಯೆಯೋ?

ರಕ್ಷಣೆ ಪೂರ್ತಿಯಾಗಿ ದೇವರ ಕೊಡುಗೆಯಾದರೆ ಮನುಷ್ಯನ ಒಳ್ಳೆಯ ಕೆಲಸಗಳಿಗೆ ಏನು ಬೆಲೆ? ಈ ಪ್ರಶ್ನೆಯೇ 16ನೇ ಶತಮಾನದಲ್ಲಿ ಪಾಶ್ಚಾತ್ಯ ಕ್ರೈಸ್ತಲೋಕವನ್ನು ಇಬ್ಭಾಗ ಮಾಡಿತು.

ಜರ್ಮನಿಯ ಸನ್ಯಾಸಿ ಮಾರ್ಟಿನ್ ಲೂಥರ್ ಉಪವಾಸ, ಜಾಗರಣೆ, ಪಾಪನಿವೇದನೆಗಳಲ್ಲಿ ಬಳಲಿಯೂ ಮನಃಶಾಂತಿ ಕಾಣದಿದ್ದವನು. ದೇವರ ನೀತಿ ಎಂಬುದು ಪಾಪಿಯನ್ನು ದಂಡಿಸುವ ನೀತಿಯಲ್ಲ, ನಂಬುವವನಿಗೆ ಉಚಿತವಾಗಿ ದೊರೆಯುವ ನೀತಿ ಎಂದು ಪೌಲನ ಪತ್ರಿಕೆಯಿಂದ ಆತ ಕಂಡುಕೊಂಡ. ದಂಡನೆಯ ರಿಯಾಯಿತಿ ಪತ್ರಗಳನ್ನು ಹಣಕ್ಕೆ ಮಾರುತ್ತಿದ್ದ ಪದ್ಧತಿಯ ವಿರುದ್ಧ 1517ರ ಅಕ್ಟೋಬರ್‌ನಲ್ಲಿ 95 ವಾದಸೂತ್ರಗಳನ್ನು ಮುಂದಿಟ್ಟ. ನಂಬಿಕೆಯಿಂದ ಮಾತ್ರವೇ ಮನುಷ್ಯ ನೀತಿವಂತನೆನಿಸಿಕೊಳ್ಳುತ್ತಾನೆ ಎಂಬುದು ಸುಧಾರಣಾ ಚಳವಳಿಯ ಘೋಷವಾಯಿತು. ಇದಕ್ಕೆ ಪ್ರತಿಯಾಗಿ ಟ್ರೆಂಟ್ ಮಹಾಸಭೆ 1547ರಲ್ಲಿ, ಆರಂಭ ಕೃಪೆಯಿಂದಲೇ ಆದರೂ ಮನುಷ್ಯ ಅದರೊಂದಿಗೆ ಸಹಕರಿಸಬೇಕು, ನಂಬಿಕೆ ಪ್ರೀತಿಯೊಂದಿಗೆ ಕೂಡಿರಬೇಕು ಎಂದು ಸಾರಿತು.

ಇಬ್ಬರ ಬಳಿಯೂ ಬೈಬಲಿನ ಆಧಾರಗಳಿದ್ದವು. ಕ್ರಿಯೆಗಳಿಂದಲ್ಲ, ಕೃಪೆಯಿಂದ ಎನ್ನುತ್ತಾನೆ ಪೌಲ. ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು ಎನ್ನುತ್ತಾನೆ ಯಾಕೋಬ. ನಾಲ್ಕೂವರೆ ಶತಮಾನಗಳ ನಂತರ, 1999ರ ಅಕ್ಟೋಬರ್ 31ರಂದು, ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಕಥೋಲಿಕ ಧರ್ಮಸಭೆ ಮತ್ತು ಲೂಥರನ್ ವಿಶ್ವ ಒಕ್ಕೂಟ ಜಂಟಿ ಘೋಷಣೆಗೆ ಸಹಿ ಹಾಕಿದವು. ದೇವರು ಮನುಷ್ಯನನ್ನು ಸ್ವೀಕರಿಸುವುದು ಆತನ ಅರ್ಹತೆಯಿಂದಲ್ಲ, ಕೃಪೆಯಿಂದ. ಆ ಕೃಪೆ ಹೃದಯವನ್ನು ನವೀಕರಿಸಿ ಸತ್ಕ್ರಿಯೆಗಳಿಗೆ ಸಜ್ಜುಗೊಳಿಸುತ್ತದೆ ಎಂಬುದು ಅದರ ತಾತ್ಪರ್ಯ. 2006ರಲ್ಲಿ ಮೆಥಡಿಸ್ಟರೂ, 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟವೂ ಇದರೊಂದಿಗೆ ಕೈಜೋಡಿಸಿದವು. ಎಲ್ಲ ಭೇದಗಳೂ ಅಳಿಯದಿದ್ದರೂ, ಯುರೋಪನ್ನು ಯುದ್ಧಗಳಿಗೆ ತಳ್ಳಿದ ವಿವಾದದ ನಡುಗಂಟು ಸಡಿಲಗೊಂಡಿತು.

ಸರಳವಾಗಿ ಹೇಳುವುದಾದರೆ, ಸತ್ಕ್ರಿಯೆ ರಕ್ಷಣೆಗೆ ತೆರುವ ಬೆಲೆಯಲ್ಲ. ಅದು ರಕ್ಷಣೆಯ ಫಲ. ಮರ ಜೀವಂತವಾಗಿದ್ದರೆ ಹಣ್ಣು ಬಿಡುತ್ತದೆ. ಹಣ್ಣನ್ನು ತಂದು ಕೊಂಬೆಗೆ ಕಟ್ಟಿದರೆ ಒಣಮರ ಚಿಗುರುವುದಿಲ್ಲ.

ಹಾಗಾದರೆ ಕ್ರಿಸ್ತನ ಹೆಸರನ್ನೇ ಅರಿಯದವರ ಗತಿಯೇನು ಎಂಬ ಸಹಜ ಪ್ರಶ್ನೆಗೂ ಒಂದೇ ಉತ್ತರವಿಲ್ಲ. ಸುವಾರ್ತೆಯನ್ನು ತಮ್ಮ ತಪ್ಪಿಲ್ಲದೆ ಅರಿಯದೆ, ಪ್ರಾಮಾಣಿಕ ಹೃದಯದಿಂದ ದೇವರನ್ನು ಅರಸಿ ಅಂತಃಸಾಕ್ಷಿಯಂತೆ ನಡೆಯುವವರೂ ರಕ್ಷಣೆ ಹೊಂದಬಲ್ಲರು ಎಂದು ಕಥೋಲಿಕ ಧರ್ಮಸಭೆ 1964ರಲ್ಲಿ ವ್ಯಾಟಿಕನ್ ಮಹಾಸಭೆಯ ದಾಖಲೆಯಲ್ಲಿ ಹೇಳಿತು. ಕ್ರಿಸ್ತನಲ್ಲಿ ಅರಿತು ನಂಬಿಕೆಯಿಡುವುದು ಅಗತ್ಯ ಎಂಬುದು ಬಹುಪಾಲು ಸುವಾರ್ತಾವಾದಿಗಳ ನಿಲುವು. ತೀರ್ಪನ್ನು ದೇವರಿಗೇ ಬಿಡಬೇಕೆನ್ನುವವರೂ ಎರಡೂ ಕಡೆ ಇದ್ದಾರೆ.

ಆರಂಭದ ನಂತರದ ಬದುಕು

ನಂಬಿಕೆಯ ಬದುಕು ಒಂದು ಪ್ರಾರ್ಥನೆಯಿಂದಲೋ ಒಂದು ಸ್ನಾನದಿಂದಲೋ ಮುಗಿಯುವುದಿಲ್ಲ ಎಂಬ ವಿಷಯದಲ್ಲಿ ಮಾತ್ರ ಎಲ್ಲ ಪರಂಪರೆಗಳಿಗೂ ಸಹಮತವಿದೆ. ಹೊಸದಾಗಿ ನಂಬಿದವರಿಗೆ ಸಭೆಗಳು ಹೇಳಿಕೊಡುವ ಅಭ್ಯಾಸಗಳೂ ಬಹುಮಟ್ಟಿಗೆ ಸಮಾನ. ದಿನವೂ ಪ್ರಾರ್ಥನೆ, ಬೈಬಲ್ ಓದು, ಭಾನುವಾರದ ಸಹಾರಾಧನೆ, ಕ್ರಿಸ್ತನ ಕೊನೆಯ ಭೋಜನವನ್ನು ನೆನೆಯುವ ಪ್ರಸಾದ ವಿಧಿ, ತಪ್ಪೊಪ್ಪಿಗೆ, ಬಡವರ ಸೇವೆ. ಕ್ಷಮೆ ಪಡೆದವರು ಕ್ಷಮಿಸುವುದನ್ನೂ ಕಲಿಯಬೇಕು. ಸುವಾರ್ತೆಯಲ್ಲಿ ಬರುವ ಸುಂಕದ ಅಧಿಕಾರಿ ಜಕ್ಕಾಯ ಯೇಸುವನ್ನು ಮನೆಗೆ ಬರಮಾಡಿಕೊಂಡ ದಿನವೇ, ಮೋಸದಿಂದ ಕಸಿದದ್ದನ್ನು ನಾಲ್ಕು ಪಟ್ಟು ಹಿಂದಿರುಗಿಸುವುದಾಗಿ ಹೇಳಿದ. ಮಾನಸಾಂತರ ಲೆಕ್ಕಪುಸ್ತಕದವರೆಗೂ ತಲುಪಬೇಕೆಂಬುದಕ್ಕೆ ಇದು ನಿದರ್ಶನ.

ರಮಾಬಾಯಿಯವರಲ್ಲೂ ನಂಬಿಕೆ ಕಾರ್ಯರೂಪ ತಾಳಿತು. 1896-97ರ ಬರಗಾಲದಲ್ಲಿ ಮಧ್ಯಭಾರತಕ್ಕೆ ತೆರಳಿ ಹಸಿದ ಹೆಣ್ಣುಮಕ್ಕಳನ್ನು ಕರೆತಂದು ಪುಣೆ ಸಮೀಪದ ಕೇಡಗಾಂವ್‌ನಲ್ಲಿ ನೆಲೆ ಕಲ್ಪಿಸಿದರು. ಬಾಲ್ಯದಲ್ಲಿ ಬರಗಾಲದ ಹಸಿವನ್ನು ಉಂಡವರಿಗೆ ಆ ಮಕ್ಕಳ ಮುಖ ಅಪರಿಚಿತವಾಗಿರಲಿಲ್ಲ. ಆ ನೆಲೆಗೆ ಅವರಿಟ್ಟ ಹೆಸರು ‘ಮುಕ್ತಿ’. 1900ರ ಹೊತ್ತಿಗೆ ಅಲ್ಲಿ ಸುಮಾರು 1,500 ಮಂದಿ ಆಶ್ರಯ ಪಡೆದಿದ್ದರು. ಓದುಬರಹ, ನೇಯ್ಗೆ, ಬೇಸಾಯ, ಮುದ್ರಣ ಕಲಿತರು. ಗುಲಬರ್ಗಾದಲ್ಲೂ ಶಾಲೆಯೊಂದು ತಲೆಯೆತ್ತಿತು. ಸಾಮಾನ್ಯ ಹೆಂಗಸರಿಗೂ ಅರ್ಥವಾಗುವ ಸರಳ ಮರಾಠಿಗೆ ಬೈಬಲನ್ನು ಹೀಬ್ರೂ ಮತ್ತು ಗ್ರೀಕ್ ಮೂಲಗಳಿಂದ ತರುವ ಕೆಲಸದಲ್ಲಿ ಕೊನೆಯ ದಿನಗಳವರೆಗೂ ತೊಡಗಿದ್ದ ರಮಾಬಾಯಿ 1922ರ ಏಪ್ರಿಲ್ 5ರಂದು ನಿಧನರಾದರು.

ತೆರಬೇಕಾದ ಬೆಲೆ

ರಕ್ಷಣೆ ಉಚಿತ ಎಂದು ಕ್ರೈಸ್ತ ಧರ್ಮ ಸಾರಿದರೂ, ಭಾರತದಲ್ಲಿ ಅದನ್ನು ಬಹಿರಂಗವಾಗಿ ಒಪ್ಪಿಕೊಳ್ಳುವವರು ಬೆಲೆ ತೆರುತ್ತಲೇ ಬಂದಿದ್ದಾರೆ. ದೀಕ್ಷೆ ಮನೆತನದಿಂದಲೂ ಜಾತಿಯಿಂದಲೂ ದೂರವಾಗುವ ಗಡಿರೇಖೆಯಾಗಿ ಪರಿಣಮಿಸುವುದುಂಟು. ಪುಣೆಗೆ ಸ್ಥಳಾಂತರಗೊಂಡಿದ್ದ ಶಾರದಾ ಸದನದಲ್ಲಿ ಕೆಲವು ಬಾಲವಿಧವೆಯರು ರಮಾಬಾಯಿಯವರ ಪ್ರಾರ್ಥನೆಯಲ್ಲಿ ಕೂರತೊಡಗಿದಾಗ ಕೋಲಾಹಲವೆದ್ದಿತು. ತಿಲಕರ ‘ಕೇಸರಿ’ ಪತ್ರಿಕೆ ಕಟುವಾಗಿ ಟೀಕಿಸಿತು. 1893ರಲ್ಲಿ ನ್ಯಾಯಮೂರ್ತಿ ರಾನಡೆ, ಭಂಡಾರ್ಕರ್ ಅವರಂಥ ಸುಧಾರಕರೂ ಸಲಹಾ ಮಂಡಳಿ ತೊರೆದರು. ಧಾರ್ಮಿಕ ತಟಸ್ಥತೆಯ ಭರವಸೆ ಮುರಿದುಬಿತ್ತು ಎಂಬುದು ಅವರ ಆಕ್ಷೇಪ. ಯಾರನ್ನೂ ಒತ್ತಾಯಿಸಿಲ್ಲ, ತಮ್ಮ ಪ್ರಾರ್ಥನೆಯ ಬಾಗಿಲು ತೆರೆದಿತ್ತಷ್ಟೇ ಎಂಬುದು ರಮಾಬಾಯಿಯವರ ಸಮಜಾಯಿಷಿ. ಆಶ್ರಯ ಕೊಡುವವರ ನಂಬಿಕೆ ಆಶ್ರಿತರ ಮೇಲೆ ಬೀರುವ ಪ್ರಭಾವ ಎಲ್ಲಿಯವರೆಗೆ ಸಹಜ, ಎಲ್ಲಿಂದ ಒತ್ತಡ ಎಂಬ ಅಂದಿನ ಪ್ರಶ್ನೆ ಇಂದಿಗೂ ಜೀವಂತವಾಗಿದೆ.

ಸಂವಿಧಾನದ 25ನೇ ವಿಧಿ ಧರ್ಮವನ್ನು ಅನುಸರಿಸುವ, ಆಚರಿಸುವ, ಪ್ರಚಾರ ಮಾಡುವ ಸ್ವಾತಂತ್ರ್ಯ ನೀಡಿದೆ. ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಕರ್ನಾಟಕದಲ್ಲಿ 2022ರಲ್ಲಿ ಮತಾಂತರ ನಿಯಂತ್ರಣ ಕಾಯ್ದೆ ಬಂದಿತು. 2023ರ ಜೂನ್‌ನಲ್ಲಿ ಅದನ್ನು ಹಿಂಪಡೆಯಲು ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ಇದಲ್ಲದೆ, 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನಮಾನ ಸಿಗುವುದಿಲ್ಲ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಆ ವ್ಯಾಪ್ತಿಗೆ ಸೇರಿಸಲಾಯಿತಾದರೂ ಕ್ರೈಸ್ತರನ್ನು ಸೇರಿಸಲಿಲ್ಲ. ನಂಬಿಕೆ ಬದಲಾದರೂ ಊರಿನವರ ಕಣ್ಣಿನಲ್ಲಿ ಜಾತಿ ಬದಲಾಗುವುದಿಲ್ಲ, ಸಭೆಯೊಳಗೂ ಅದು ಪೂರ್ತಿ ಅಳಿದಿಲ್ಲ ಎಂಬುದು ದಲಿತ ಕ್ರೈಸ್ತರ ಬಹುಕಾಲದ ಅಳಲು.

ಆಮಿಷದಿಂದಲೋ ಬಲವಂತದಿಂದಲೋ ಆಗುವ ದೀಕ್ಷೆಗೆ ಕ್ರೈಸ್ತ ತತ್ತ್ವದಲ್ಲೇ ಸ್ಥಾನವಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ನಂಬಿಕೆ ಸ್ವತಂತ್ರ ಮನಸ್ಸಿನ ಉತ್ತರವಾಗಿರಬೇಕು, ಯಾರನ್ನೂ ಅದಕ್ಕೆ ಬಲವಂತಪಡಿಸಕೂಡದು ಎಂದು 1965ರಲ್ಲಿ ವ್ಯಾಟಿಕನ್ ಮಹಾಸಭೆ ಧಾರ್ಮಿಕ ಸ್ವಾತಂತ್ರ್ಯ ಕುರಿತ ಘೋಷಣೆಯಲ್ಲಿ ಸ್ಪಷ್ಟಪಡಿಸಿತು. ಇತಿಹಾಸದಲ್ಲಿ ಸಭೆಗಳು ಈ ತತ್ತ್ವಕ್ಕೆ ವಿರುದ್ಧವಾಗಿ ನಡೆದ ಪ್ರಸಂಗಗಳು ಕಡಿಮೆಯೇನಲ್ಲ. ಗೋವಾದ ಧರ್ಮವಿಚಾರಣಾ ನ್ಯಾಯಾಲಯದ ನೆನಪು ಕೊಂಕಣ ಕರಾವಳಿಯಲ್ಲಿ ಇನ್ನೂ ಮಾಸಿಲ್ಲ.

ರಮಾಬಾಯಿಯವರ ಬದುಕು ಇಂದಿನ ಓದುಗರಿಗೆ, ಅವರು ಯಾವ ಧರ್ಮದವರೇ ಆಗಿರಲಿ, ಉಪಯುಕ್ತವಾಗುವುದು ಇಲ್ಲಿಯೇ. ಅವರನ್ನು ಯಾರೂ ನೂಕಲಿಲ್ಲ, ಯಾರೂ ತಡೆಯಲೂ ಆಗಲಿಲ್ಲ. ಪ್ರತಿ ಹೆಜ್ಜೆಯಲ್ಲೂ ಅವರು ಪ್ರಶ್ನಿಸಿದರು. ದೀಕ್ಷೆ ಕೊಟ್ಟವರನ್ನೂ ಪ್ರಶ್ನಿಸಿದರು. ದಾಖಲೆಯ ಪುಸ್ತಕದಲ್ಲಿ 1883ರಲ್ಲೇ ಕ್ರೈಸ್ತರಾಗಿದ್ದವರು, ಮನಸ್ಸಿಗೆ ಸಮಾಧಾನವಾಗುವವರೆಗೆ ಇನ್ನೂ ಎಂಟು ವರ್ಷ ಹುಡುಕಿದರು. ಅದಕ್ಕೂ ಮುಂದಿನ 30 ವರ್ಷಗಳನ್ನು ಅನಾಥ ಹೆಣ್ಣುಮಕ್ಕಳ ಸೇವೆಗೆ ಮುಡಿಪಿಟ್ಟರು. ರಕ್ಷಣೆ ಎಂಬುದು ಒಂದು ದಿನದ ದೀಕ್ಷೆಯೋ, ಒಂದು ಕ್ಷಣದ ಅನುಭವವೋ, ದೀರ್ಘವಾದ ದಾರಿಯೋ ಎಂದು ಸಭೆಗಳು ಇನ್ನೂ ಚರ್ಚಿಸುತ್ತಿವೆ. ಗಂಗಾಮೂಲದಲ್ಲಿ ಹುಟ್ಟಿದ ಈ ವಿದುಷಿಯ ಬಾಳಿನಲ್ಲಿ ಆ ಮೂರಕ್ಕೂ ಎಡೆಯಿತ್ತು.